ರಸ್ತೆಗೆ ಕೊಟ್ಟ ಪಡಸಾಲೆ

ಗೌರವ್ವ ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತಿದ್ದಾಗ ಹೊರಗೋಡೆಗೆ ಹಾರೆಯ ಮೊದಲ ಏಟು ಬಿತ್ತು. ತಲೆಯ ಮೇಲಿನ ಮಾಳಿಗೆಯಿಂದ ಒಂದು ಹಿಡಿ ಮಣ್ಣು ಉದುರಿ ಹಿಟ್ಟಿನ ಪರಾತದೊಳಗೆ ಬಿತ್ತು. ಯಾರದೋ ಎತ್ತು ಹಗ್ಗ ಹರಿದುಕೊಂಡು ಬಂದು ಗೋಡೆಗೆ ಹಾಯ್ದಿರಬೇಕು ಎಂದುಕೊಂಡಳು. ಎರಡನೆಯ ಏಟಿಗೆ ಪಡಸಾಲೆಯಲ್ಲಿ ಸೀರೆ ನೇಯುತ್ತಿದ್ದ ಮಗ ಪ್ರಭುಲಿಂಗಪ್ಪ ಮಗ್ಗದ ಕುಣಿಯಿಂದ ಕಾಲು ಮೇಲೆತ್ತಿಕೊಂಡು ಎದ್ದು, "ಯಾರಲೇ ಅದು?" ಎಂದು ಕೂಗಿದ.

ಗೌರವ್ವ ಕೈಯ ಹಿಟ್ಟನ್ನೂ ತೊಳೆಯದೆ ಹೊರಗೆ ಬಂದಳು. ಬಾಗಿಲ ಮುಂದೆ ಹಾರೆ, ಗುದ್ದಲಿ, ಬುಟ್ಟಿ ಹಿಡಿದ ಆಳುಗಳು. ಅವರ ನಡುವೆ ಬಿಳಿ ಟೋಪಿ ಹಾಕಿಕೊಂಡು, ತೋಳು ಮಡಚಿಕೊಂಡು ನಿಂತವನು ಅವಳ ಗಂಡ ಅಂದಾನೆಪ್ಪ. ಅವನ ಮುಖದಲ್ಲಿ ಮಗನ ಮದುವೆಯ ದಿನ ಇದ್ದಷ್ಟೇ ಸಂಭ್ರಮವಿತ್ತು.

"ಏನ್ರಿ ಇದು?"

"ಗಾಬರಿ ಆಗಬ್ಯಾಡ. ಪಡಸಾಲಿ ಅಷ್ಟ. ಒಳಗಿಂದು ಏನೂ ಮುಟ್ಟೂದಿಲ್ಲ."

"ಪಡಸಾಲಿ ಅಷ್ಟ ಅಂದ್ರ?"

"ಹಾದಿ ಅಗಲ ಮಾಡೂದೈತಲ್ಲ. ಬಸ್‌ಸ್ಟ್ಯಾಂಡಿನಿಂದ ಪ್ಯಾಟಿ ತನಕ. ಎಲ್ಲಾರ ಮನಿ ಮುಂದಿಂದೂ ಹೋಗತಾವು. ಕಮಿಟ್ಯಾಗ ನಾನ ಹೇಳೀನಿ, ಮೊದಲ ನನ್ನ ಮನಿ ಕೆಡವ್ರಿ ಅಂತ."

"ಯಾವಾಗ ಹೇಳಿದ್ರಿ?"

"ಹ್ವಾದ ಸೋಮವಾರ."

ಸೋಮವಾರದಿಂದ ಆ ಹೊತ್ತಿನ ತನಕ ಅವನು ದಿನವೂ ಎರಡು ಹೊತ್ತು ಆ ಮನೆಯಲ್ಲಿ ಉಂಡಿದ್ದ. ಅವಳೇ ಬಡಿಸಿದ್ದಳು. ಒಳಗೆ ಹಂಚಿನ ಮೇಲೆ ರೊಟ್ಟಿ ಸೀದ ವಾಸನೆ ಬರುತ್ತಿತ್ತು.

ಸೊಸೆ ವೀರವ್ವ ಓಡಿ ಬಂದು, ಪಡಸಾಲೆಯ ತೊಲೆಗೆ ಕಟ್ಟಿದ್ದ ತೊಟ್ಟಿಲಿನಿಂದ ಕೂಸನ್ನು ಎತ್ತಿಕೊಂಡಳು. "ಮಾವಾರ, ಒಂದು ಮಾತು ಹೇಳಿದ್ರ ಕೂಸಿನ್ನರ ಒಳಗ ಮಲಗಸ್ತಿದ್ದೆ," ಎಂದಳು. ಅಂದಾನೆಪ್ಪ ನಕ್ಕು, "ಆಕಿ ದೊಡ್ಡಾಕಿ ಆಗೂದ್ರಾಗ ಈ ಹಾದಿ ಮ್ಯಾಲ ಹುಬ್ಬಳ್ಳಿ ಬಸ್ ಓಡ್ಯಾಡ್ತಾವ ನೋಡವಾ," ಎಂದ.

ಪ್ರಭುಲಿಂಗಪ್ಪ ನಗಲಿಲ್ಲ. "ಮಗ್ಗದ ಮ್ಯಾಲ ಅರ್ಧ ನೇದ ಸೀರಿ ಐತಿ, ಅಪ್ಪಾ. ಅದನ್ನ ಎಲ್ಲಿ ಒಯ್ಯೂದು?"

"ಒಳಗ ಒಯ್ಯಿ."

"ಒಳಗ ಒಂದ ಮಗ್ಗಕ್ಕ ಜಾಗಾ ಐತಿ. ಇಲ್ಲಿ ಎರಡ ಅದಾವು."

"ಒಂದು ನಾಕ ದಿನ ಸುಧಾರಿಸ್ರಿ," ಎಂದು ಅಂದಾನೆಪ್ಪ ಆಳುಗಳ ಕಡೆ ತಿರುಗಿದ.

ಸಂಜೆಯ ಹೊತ್ತಿಗೆ ಪಡಸಾಲೆ ಇರಲಿಲ್ಲ. ನೆಲದಲ್ಲಿ ಮಗ್ಗದ ಎರಡು ಕುಣಿಗಳು ಮಾತ್ರ ಬಾಯಿ ತೆರೆದುಕೊಂಡಿದ್ದವು.

ಅದು ಐವತ್ತೇಳನೆಯ ಇಸವಿ. ಗಜೇಂದ್ರಗಡ ಬೆಳೆಯುತ್ತಿತ್ತು. ಮೊದಲೆಲ್ಲ ಗುಡ್ಡದ ಮೇಲಿನ ಕೋಟೆ ದೊಡ್ಡದು, ಕೆಳಗಿನ ಊರು ಸಣ್ಣದು ಎಂಬಂತಿತ್ತು. ಈಗ ಮನೆಗಳು ಗುಡ್ಡದ ಬುಡಕ್ಕೆ ಹತ್ತತೊಡಗಿದ್ದವು. ಮೆಣಸಗಿಯ ಕಡೆ ಹೊಳೆ ಏರಿ ಹೊಲ ಕಳೆದುಕೊಂಡವರು ಇಲ್ಲಿಗೆ ಬಂದು ಕಲ್ಲು ಒಡೆಯುವ ಕೆಲಸಕ್ಕೆ ನಿಂತರು. ಇಟಗಿಯ ಭೀಮಾಂಬಿಕಾ ದೇವಿಗೆ ಹೋಗುವವರು ಇಲ್ಲಿ ಬಸ್ಸಿಳಿದು, ಚುನಮರಿ ತಿಂದು, ಚಹಾ ಕುಡಿದು ಮುಂದೆ ಹೋಗುತ್ತಿದ್ದರು. ಹುಬ್ಬಳ್ಳಿಯ ಸೀರೆ ವ್ಯಾಪಾರಿಗಳು ಮೊದಲು ತಿಂಗಳಿಗೊಮ್ಮೆ ಬರುತ್ತಿದ್ದವರು ಈಗ ವಾರಕ್ಕೊಮ್ಮೆ ಬರುತ್ತಿದ್ದರು. ದೊಡ್ಡ ಸಾಲೆ ಬರುತ್ತದೆ, ಕರೆಂಟು ಬರುತ್ತದೆ ಎಂಬ ಮಾತು ದಿನವೂ ಇತ್ತು. ಆದರೆ ಬಸ್ಸು ಊರ ಹೊರಗೇ ನಿಲ್ಲುತ್ತಿತ್ತು. ಪೇಟೆಯ ಹಾದಿಯಲ್ಲಿ ಎದುರುಬದುರು ಎರಡು ಚಕ್ಕಡಿ ಬಂದರೆ ಒಂದು ಹಿಂದೆ ಸರಿಯಬೇಕಾಗಿತ್ತು.

ಈ ಊರೆಂದರೆ ಅಂದಾನೆಪ್ಪನಿಗೆ ಹುಚ್ಚು. ಒಳ್ಳೆಯ ನೇಕಾರನೆಂದು ಹೆಸರು ಪಡೆದವನು, ಕೆಲವು ವರ್ಷಗಳ ಹಿಂದೆ ಸಾರ್ವಜನಿಕ ಕೆಲಸಕ್ಕೆ ಬಿದ್ದ ಮೇಲೆ ಮಗ್ಗದ ಕುಣಿಗೆ ಕಾಲಿಳಿಸಿರಲಿಲ್ಲ. ಬಾವಿಯ ಹೂಳು ತೆಗೆಸುವುದು, ಸಾಲೆಗೆ ಹಂಚು ಹಾಕಿಸುವುದು, ರೋಣಕ್ಕೆ ಹೋಗಿ ಸಾಹೇಬರಿಗೆ ಅರ್ಜಿ ಕೊಡುವುದು, ಎಲ್ಲದಕ್ಕೂ ಅವನೇ ಮುಂದೆ. ಊರ ಹಿರಿಯರು ತಮ್ಮತಮ್ಮಲ್ಲೇ ಕಟ್ಟಿಕೊಂಡಿದ್ದ ಸುಧಾರಣೆ ಕಮಿಟಿಯಲ್ಲಿ ಅವನ ಮಾತಿಗೆ ತೂಕವಿತ್ತು. "ನಮ್ಮ ಊರು ಸಣ್ಣ ಹುಬ್ಬಳ್ಳಿ ಆಗತೈತಿ," ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದ. ಮನೆಯ ಎರಡು ಮಗ್ಗಗಳನ್ನು ಹೆಂಡತಿ ಮತ್ತು ಮಗ ನಡೆಸುತ್ತಿದ್ದರು. ಸೊಸೆ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಮನೆ ನಡೆಯುತ್ತಿದ್ದುದು ಅದರಿಂದ.

ಪಡಸಾಲೆ ಹೋದ ಮೇಲೆ ಒಂದು ಮಗ್ಗವನ್ನು ಅಡುಗೆ ಮನೆಗೆ ಒಯ್ದರು. ಒಲೆ ಹಿತ್ತಲಿಗೆ ಹೋಯಿತು. ಗಾಳಿ ಬೀಸಿದರೆ ರೊಟ್ಟಿಯಲ್ಲಿ ಉಸುಕು. ಇನ್ನೊಂದು ಮಗ್ಗದ ಕಟ್ಟಿಗೆಗಳನ್ನು ಬಿಚ್ಚಿ ಗೋಡೆಗೆ ಆನಿಸಿಟ್ಟರು. ತಾಯಿ ನೇಯುವಾಗ ಮಗ ಖಾಲಿ, ಮಗ ನೇಯುವಾಗ ತಾಯಿ ಖಾಲಿ.

ಉಣ್ಣುವಾಗ ದಿನವೂ ಜಗಳ.

"ಇವತ್ತು ಬರೇ ಖಾರಾ ಮಜ್ಜಿಗಿ ಏನು?" ಎಂದು ಅಂದಾನೆಪ್ಪ ತಾಟು ನೋಡಿ ಕೇಳಿದ.

"ಒಂದ ಮಗ್ಗದ ಊಟ ಹಿಂಗ ಇರತೈತಿ," ಎಂದ ಪ್ರಭುಲಿಂಗಪ್ಪ.

"ನಿನ್ನ ಯಾರು ಕೇಳಿದ್ರು?"

"ನನ್ನ ಯಾರೂ ಏನೂ ಕೇಳೂದಿಲ್ಲ ಬಿಡು. ಮನಿ ಕೆಡವೂವಾಗೂ ಕೇಳಲಿಲ್ಲ."

ಮೂಲೆಯಲ್ಲಿ ಕಾಲು ಚಾಚಿ ಕೂತು ರೊಟ್ಟಿಯನ್ನು ಹಾಲಿನಲ್ಲಿ ನೆನೆಸುತ್ತಿದ್ದ ಮುದುಕವ್ವ ಮೊಮ್ಮಗನನ್ನು ಗದರಿದಳು. ಆಕೆ ಅಂದಾನೆಪ್ಪನ ತಾಯಿ. ಕೆಡವಿದ ಪಡಸಾಲೆಯ ಗೋಡೆಯ ಕಲ್ಲನ್ನು ಗುಡ್ಡದಿಂದ ಗಂಡನ ಜೊತೆ ತಾನೇ ಹೊತ್ತು ತಂದವಳು. ಆದರೂ ಮಗನ ಪಕ್ಷವನ್ನೇ ಹಿಡಿದಳು. "ಅಪ್ಪಗ ಎದುರು ಮಾತಾಡ್ತಿಯೇನೋ? ಅವ ಊರಿಗೆ ಬೇಕಾದವ. ಊರಾಗ ಎಲ್ಲಾರೂ ನನ್ನ ನೋಡಿ, ನಿನ್ನ ಮಗ ಭಾಳ ದೊಡ್ಡ ಮನಸಿನವ ಅಂತಾರ. ನಾಳೆ ಎಲ್ಲಾರ ಮನೀನೂ ಕೆಡವ್ತಾರ. ಆವಾಗ ನಿಮಗ ಸಮಾಧಾನ ಆಗತೈತಿ."

ಗೌರವ್ವನೂ ಅದನ್ನೇ ನಂಬಿದ್ದಳು. ಎಲ್ಲರ ಜೊತೆ ತನ್ನದೂ ಹೋಯಿತು, ಹಾದಿ ಆಗಲಿ, ಆಮೇಲೆ ಹಿತ್ತಲಲ್ಲಿ ಒಂದು ಛಪ್ಪರ ಹಾಕಿಕೊಂಡರಾಯಿತು ಎಂದು ಮನಸ್ಸನ್ನು ಗಟ್ಟಿ ಮಾಡಿಕೊಂಡಿದ್ದಳು.

ಎರಡು ವಾರವಾದರೂ ಆಳುಗಳು ಮುಂದಿನ ಮನೆಗೆ ಹೋಗಲಿಲ್ಲ. ಹಾದಿ ಅಳೆಯುವ ಓವರಸಿಯರ ಬಂದು ಗೂಟ ಹೊಡೆದ. ಮರುದಿನ ಆ ಗೂಟ ಕಿತ್ತು ಬೇರೆ ಕಡೆ ಹೊಡೆದ. ಗೌರವ್ವ ಹಿತ್ತಲಲ್ಲಿ ಒಲೆ ಊದುತ್ತಿದ್ದುದರಿಂದ ಅದೊಂದೂ ಅವಳ ಲಕ್ಷ್ಯಕ್ಕೆ ಬರಲಿಲ್ಲ.

ಒಂದು ದಿನ ಮಧ್ಯಾಹ್ನ ಪಕ್ಕದ ಮನೆಯ ಹಸನಬಿ ವಾಟಗದಲ್ಲಿ ಸಕ್ಕರೆ ಹಿಡಿದುಕೊಂಡು ನಗುನಗುತ್ತ ಬಂದಳು. ಅವಳ ಗಂಡ ಲಾಡಸಾಬ ಟಾಂಗಾ ಹೊಡೆಯುವವನು. ಎರಡು ಕೋಣೆಯ ಮನೆ ಅವರದು. ಮುಂದಿನ ಕೋಣೆ ಹೋದರೆ ಮಕ್ಕಳು ಎಲ್ಲಿ ಮಲಗಬೇಕು ಎಂದು ಅವಳು ಗೌರವ್ವನ ಹತ್ತಿರ ಎಷ್ಟೋ ಸಲ ಅತ್ತಿದ್ದಳು.

"ಬಾಯಿ ತೆರಿ ಗೌರವ್ವಕ್ಕಾ, ಸಕ್ರಿ ತಿನ್ನು. ನಮ್ಮ ಮನಿ ಉಳೀತು!"

"ಉಳೀತಾ? ಹ್ಯಾಂಗ?"

"ಹಾದಿ ಈ ಕಡೆ ಬರೂದಿಲ್ಲಂತ. ನಿಮ್ಮ ಮನಿ ಮುಟ್ಟೂದ್ರೊಳಗ ಬಾವಿ ಕಡೆ ತಿರುಗತೈತಂತ. ಶಿವನಪ್ಪ ಸಾವಕಾರ್ರ ಅಂಗಡೀನೂ ಉಳೀತು, ನಮ್ದೂ ಉಳೀತು. ಓವರಸಿಯರ ಗೂಟ ಹೊಡದ್ದು ನೀ ನೋಡಿಲ್ಲೇನು?"

ಗೌರವ್ವನ ನಾಲಗೆಯ ಮೇಲೆ ಸಕ್ಕರೆ ಕರಗಿತು. ಅವಳಿಗೆ ಹಸನಬಿಯ ಸಲುವಾಗಿ ಖರೇ ಸಂತೋಷವಾಯಿತು.

"ಹಂಗಾದ್ರ ನಮ್ಮ ಪಡಸಾಲಿ?"

ಹಸನಬಿಯ ನಗು ನಿಂತಿತು. ಆ ಪ್ರಶ್ನೆ ಅವಳಿಗೆ ಹೊಳೆದೇ ಇರಲಿಲ್ಲ. ವಾಟಗವನ್ನು ಎರಡೂ ಕೈಯಿಂದ ಹಿಡಿದುಕೊಂಡು, "ಯವ್ವಾ..." ಎಂದಳು.

ಗೌರವ್ವ ಹೊರಗೆ ಹೋಗಿ ನೋಡಿದಳು. ಗೂಟದ ಸಾಲು ಬಸ್‌ಸ್ಟ್ಯಾಂಡಿನ ಕಡೆಯಿಂದ ನೆಟ್ಟಗೆ ಬಂದು, ಅವರ ಮನೆಗೆ ಇನ್ನೂ ಹತ್ತಿಪ್ಪತ್ತು ಮಾರು ಇರುವಾಗಲೇ ಹೊರಳಿ ಬಾವಿಯ ಕಡೆ ಹೋಗಿತ್ತು. ಕೆಡವಿದ ಪಡಸಾಲೆಯ ಮೇಲೆ ಗಾಡಿ ಇರಲಿ, ಒಂದು ಕತ್ತೆಯೂ ಹಾಯುವ ಕಾರಣವಿರಲಿಲ್ಲ.

ಸಂಜೆ ಅಂದಾನೆಪ್ಪ ಕೈಕಾಲು ತೊಳೆದು ತಾಟಿನ ಮುಂದೆ ಕೂತಾಗ ಗೌರವ್ವ ಬಡಿಸಲಿಲ್ಲ. ಎದುರಿಗೆ ಕೂತಳು.

"ಹಾದಿ ಬಾವಿ ಕಡೆ ತಿರುಗಿತಂತ. ಖರೇ ಏನು?"

"ಹ್ಞೂಂ."

"ಕಮಿಟಿ ತಿರುಗಿಸ್ತೋ, ಓವರಸಿಯರ ತಿರುಗಿಸಿದನೋ?"

"ಕಮಿಟಿ. ಶಿವನಪ್ಪನವರು ಕೋರ್ಟಿಗೆ ಹೋಗತೀನಿ ಅಂದ್ರು. ಕೋರ್ಟಿಗೆ ಹೋದ್ರ ಹಾದಿ ಹತ್ತ ವರ್ಷ ಆದ್ರೂ ಆಗೂದಿಲ್ಲ. ತಿರುಗಿಸಿದ್ರ ಮಳಿಗಾಲಕ್ಕ ಮೊದಲ ಮುಗೀತೈತಿ. ಹೆಂಗ ಆದ್ರೂ ಪ್ಯಾಟಿಗೆ ಬಸ್ ಬಂದಂಗ ಆತಲ್ಲ."

"ಎಲ್ಲಾರೂ ಒಪ್ಪಿದ್ರಾ?"

"ಕೈ ಎತ್ತಾಕ ಹೇಳಿದ್ರು. ಎತ್ತಿದ್ರು."

"ನೀವು?"

ಅಂದಾನೆಪ್ಪ ಖಾಲಿ ತಾಟನ್ನು ನೋಡಿದ.

"ನೀವು ಎತ್ತಿದ್ರಾ, ಅಷ್ಟ ಹೇಳ್ರಿ."

"ಎತ್ತಿದೆ."

ಹಿತ್ತಲಿನ ಬಾಗಿಲಲ್ಲಿ ನಿಂತಿದ್ದ ವೀರವ್ವ "ಶಿವಾ!" ಎಂದು ಬಾಯಿಗೆ ಸೆರಗು ಹಿಡಿದಳು. ಪ್ರಭುಲಿಂಗಪ್ಪ ಮಗ್ಗದಲ್ಲಿ ಕೂತಿದ್ದವನು ಲಾಳಿಯನ್ನು ಕೈಯಲ್ಲೇ ಹಿಡಿದು ಅಪ್ಪನ ಕಡೆ ನೋಡಿದ. ಯಾರೋ ಪರಊರಿನವನು ಮನೆಯೊಳಗೆ ಬಂದು ಕೂತಿದ್ದಾನೇನೋ ಎಂಬಂತಿತ್ತು ಆ ನೋಟ.

"ನಿಮ್ಮ ಮನಿ ಕೆಡವಿಸಿ, ಅದು ಬ್ಯಾಡಾಗಿತ್ತು ಅಂತ ನೀವ ಕೈ ಎತ್ತಿ ಬಂದ್ರಿ?" ಎಂದಳು ಗೌರವ್ವ.

"ಲಾಡಸಾಬನ ಮಕ್ಕಳ ಮಾರಿ ನೋಡಿದಿಯೇನು ನೀನು? ಅವ್ರ ಮನಿ ಉಳೀತಲ್ಲ!"

"ಉಳೀಲಿ, ಚಲೋ ಆತು. ಲಾಡಸಾಬನ ಮಕ್ಕಳು ಕಂಡ್ರು, ನಿಮ್ಮ ಮೊಮ್ಮಗಳು ಕಾಣಲಿಲ್ಲ? ಆ ಕೂಸಿನ ತೊಟ್ಟಲಾ ಎಲ್ಲಿ ಕಟ್ಟೀವಿ ಅಂತ ಗೊತ್ತೈತೇನು ನಿಮಗ?"

ಅವನಿಗೆ ಗೊತ್ತಿರಲಿಲ್ಲ. ತೊಟ್ಟಿಲನ್ನು ಕಟ್ಟಲು ಒಳಗೆ ಜಾಗ ಸಿಗದೆ ಕೂಸು ಹದಿನೈದು ದಿನದಿಂದ ನೂಲಿನ ಬುಟ್ಟಿಯಲ್ಲಿ ಮಲಗುತ್ತಿತ್ತು.

"ಊರು ಬೆಳಿಬೇಕಂದ್ರ ಯಾರರ ಒಬ್ರು ತ್ರಾಸ ಸೋಸಬೇಕು," ಎಂದು ಅಂದಾನೆಪ್ಪ ಎದ್ದ.

"ಸೋಸೂದು ನೀ ಅಲ್ಲ, ನಾವು," ಎಂದ ಪ್ರಭುಲಿಂಗಪ್ಪ. "ನೀ ಟೋಪಿ ಹಾಕ್ಕೊಂಡು ಕಮಿಟಿಗೆ ಹೋಗತಿ."

ಅಂದಾನೆಪ್ಪ ಮಗನ ಮೇಲೆ ಕೈ ಎತ್ತಿದ. ಹೊಡೆಯಲಿಲ್ಲ. ಕೈ ಇಳಿಸಿ, ಚಪ್ಪಲಿ ಮೆಟ್ಟಿಕೊಂಡು ಉಣ್ಣದೇ ಹೊರಗೆ ಹೋದ.

ಮರುದಿನ ಗೌರವ್ವ ಗೋಡೆಗೆ ಆನಿಸಿದ್ದ ಮಗ್ಗದ ಕಟ್ಟಿಗೆಗಳನ್ನು ಹೊರಗೆ ತಂದಳು. ಮಗನನ್ನು ಕರೆದು, ಬಯಲಾಗಿದ್ದ ಹಳೆಯ ಕುಣಿಯ ಮೇಲೆ ಮಗ್ಗ ಹೂಡಿದಳು. ತಲೆಯ ಮೇಲೆ ಸೆರಗು ಎಳೆದುಕೊಂಡು, ಕುಣಿಗೆ ಕಾಲಿಳಿಸಿ, ಹಾದಿಯಲ್ಲಿ ಹೋಗುವವರು ನೋಡುತ್ತಿದ್ದಂತೆ ನೇಯತೊಡಗಿದಳು.

ಆ ಓಣಿಯಲ್ಲಿ ಅಂಥದ್ದನ್ನು ಯಾರೂ ಕಂಡಿರಲಿಲ್ಲ. ಮರ್ಯಾದಸ್ತರ ಮನೆಯ ಹೆಂಗಸು, ಕಮಿಟಿ ಮೆಂಬರನ ಹೆಂಡತಿ, ಬಯಲಲ್ಲಿ ಕೂತು ಲಾಳಿ ಎಸೆಯುವುದೆಂದರೆ! ಬಸ್ಸಿನಿಂದ ಇಳಿದು ಬಂದ ಪರಊರಿನವರು ನಿಂತು ನೋಡಿದರು. ಹುಬ್ಬಳ್ಳಿಯ ವ್ಯಾಪಾರಿಯೊಬ್ಬ, "ಇದೇನು, ಮ್ಯಾಲ ಮಾಳಿಗೀನ ಇಲ್ಲಲ್ಲ!" ಎಂದು ನಕ್ಕ. ನಕ್ಕ ಮೇಲೆ ಆಕೆಯ ಮುಖ ನೋಡಿ ಅಲ್ಲಿಂದ ಹೊರಟುಹೋದ.

ಅಂದಾನೆಪ್ಪನಿಗೆ ಪೇಟೆಯಲ್ಲಿ ಸುದ್ದಿ ಮುಟ್ಟಿತು. ಏದುಸಿರು ಬಿಡುತ್ತ ಓಡಿ ಬಂದ.

"ಎದ್ದೇಳು! ಮಂದಿ ನೋಡಾಕತ್ತಾರ."

"ನೋಡ್ಲಿ. ಮಂದಿ ಜಾಗಾ ಅಂತ ನೀವ ಕೊಟ್ಟೀರಿ."

"ನನ್ನ ಮರ್ಯಾದಿ ಕಳೀತಿಯೇನು?"

"ನಾನು ಸೀರಿ ನೇಯಾಕತ್ತೀನಿ. ನಿಮ್ಮ ಮರ್ಯಾದಿ ನನಗ ಕಾಣವಲ್ದು. ಬಿಸಿಲಿಗೆ ಅಡ್ಡ ನಿಂತೀರಿ, ಎಳಿ ಕಾಣಾಕ ಸರೀರಿ ಒಂಚೂರು."

ಅವನು ಸರಿದ. ಮೂವತ್ತು ವರ್ಷದ ಸಂಸಾರದಲ್ಲಿ ಅವಳು ಅವನಿಗೆ ಹಾಗೆ ಮಾತನಾಡಿದ್ದು ಅದೇ ಮೊದಲು.

ಮುದುಕವ್ವನಿಗೆ ಸೊಸೆಯ ಈ ಕೆಲಸ ಸರಿಬರಲಿಲ್ಲ. "ಹಾದ್ಯಾಗ ಕುಂದ್ರಬ್ಯಾಡ ಗೌರವ್ವಾ. ನಾ ಹೋಗಿ ಶಿವನಪ್ಪಗ ಹೇಳತೀನಿ. ಹಾದಿ ಬರೂದಿಲ್ಲ ಅಂದ ಮ್ಯಾಲ ಜಾಗಾ ತಿರುಗಿ ಕೊಡ್ತಾರ. ಕೊಡದ ಏನು ಮಾಡ್ತಾರ? ನನ್ನ ಕಣ್ಣ ಮುಂದ ಬೆಳದ ಹುಡುಗ ಅವ," ಎಂದಳು. ಕೋಲು ಹಿಡಿದು, ಹಣೆಗೆ ವಿಭೂತಿ ಹಚ್ಚಿಕೊಂಡು, ಒಬ್ಬಳೇ ಪೇಟೆಗೆ ಹೋದಳು.

ಶಿವನಪ್ಪನದು ದೊಡ್ಡ ಬಟ್ಟೆಯ ಅಂಗಡಿ. ಕಮಿಟಿಗೆ ಅವನೇ ಅಧ್ಯಕ್ಷ. ಮುದುಕವ್ವ ಹೋದಾಗ ಗಾದಿಯ ಮೇಲೆ ನಾಲ್ಕೈದು ಜನ ಕೂತು ಚಹಾ ಕುಡಿಯುತ್ತಿದ್ದರು. ಅವರಲ್ಲಿ ಅವಳ ಮಗನೂ ಇದ್ದ.

"ಬರ್ರಿ ಅಜ್ಜಿ, ಕುಂದರ್ರಿ," ಎಂದ ಶಿವನಪ್ಪ.

"ಕುಂದರಾಕ ಬಂದಿಲ್ಲಪ್ಪಾ. ನಮ್ಮ ಪಡಸಾಲಿ ಜಾಗಾ ನಿಮಗ ಬ್ಯಾಡಾತಂತಲ್ಲ. ತಿರುಗಿ ಬಿಟ್ಟುಕೊಡ್ರಿ. ಕಲ್ಲು ಅಲ್ಲೇ ಬಿದ್ದಾವು, ನಾವ ಕಟಗೊಂತೀವಿ."

ಶಿವನಪ್ಪ ಚಹಾದ ಬಸಿ ಕೆಳಗಿಟ್ಟ. "ಅದು ಹ್ಯಾಂಗ ಆಗತೈತಿ ಅಜ್ಜಿ? ನಿಮ್ಮ ಮಗಾರು ಎಲ್ಲಾರ ಮುಂದ ಊರಿಗೆ ಅಂತ ಕೊಟ್ಟಾರ. ಕೊಟ್ಟದ್ದನ್ನ ತಿರುಗಿ ಕೇಳಬಾರದು. ನಿಮಗ ಶೋಭಾ ತರೂದಿಲ್ಲ. ಏನ್ರಿ ಅಂದಾನೆಪ್ಪನವರ?"

ಎಲ್ಲರೂ ಅಂದಾನೆಪ್ಪನ ಕಡೆ ನೋಡಿದರು. ಮುದುಕವ್ವನೂ ನೋಡಿದಳು. ಅವನು ಚಹಾ ಕುಡಿದ. ತಾಯಿಯ ಕಡೆ ಕಣ್ಣು ಎತ್ತಲಿಲ್ಲ.

ಶಿವನಪ್ಪ ಅವಳ ಕೈಗೆ ಒಂದು ತೆಂಗಿನಕಾಯಿ ಕೊಟ್ಟು ಕಳಿಸಿದ. ಮುದುಕವ್ವ ಮನೆಗೆ ಬಂದು, ಕೋಲನ್ನು ಮೂಲೆಗಿಟ್ಟು, ಸೊಸೆಯ ಮಗ್ಗದ ಪಕ್ಕದಲ್ಲಿ, ಆ ಬಯಲಲ್ಲೇ ಕೂತಳು. ತೆಂಗಿನಕಾಯಿ ಇನ್ನೂ ಅವಳ ಕೈಯಲ್ಲಿತ್ತು.

"ಏನಂದ್ರು ಅತ್ತಿ?" ಎಂದು ಗೌರವ್ವ ಕೇಳಿದಳು.

"ನನ್ನ ಮಗ ಅಲ್ಲೇ ಕುಂತಿದ್ದ," ಎಂದಳು ಮುದುಕವ್ವ. ತೆಂಗಿನಕಾಯಿಯನ್ನು ಕೆಳಗಿಟ್ಟು ಮತ್ತೆ ಅದನ್ನೇ ಹೇಳಿದಳು. "ಅಲ್ಲೇ ಕುಂತಿದ್ದ, ಗೌರವ್ವಾ. ನನ್ನ ಗುರ್ತ ಇಲ್ಲದವರಂಗ ಕುಂತಿದ್ದ."

ಆ ದಿನದಿಂದ ಮುದುಕವ್ವ ಮಗನ ಜೊತೆ ಮಾತು ಬಿಟ್ಟಳು. ಅವನು "ಅವ್ವಾ, ಉಂಡಿಯೇನು?" ಎಂದರೆ ಗೋಡೆಯ ಕಡೆ ತಿರುಗುತ್ತಿದ್ದಳು.

ಮೇ ತಿಂಗಳ ಕೊನೆಗೆ ಒಂದು ಮಧ್ಯಾಹ್ನ ಗುಡ್ಡದ ಆಚೆಯಿಂದ ಮೋಡ ಎದ್ದಿತು. ಗೌರವ್ವ ಒಳಗೆ ಕೂಸಿಗೆ ಎಣ್ಣೆ ಹಚ್ಚುತ್ತಿದ್ದಳು. ಗಾಳಿ ಸುಂಯ್ ಎನ್ನುವುದರೊಳಗೆ ದಪ್ಪ ಹನಿ ಬಿದ್ದವು. ಅವಳು, ಮಗ, ಸೊಸೆ ಮೂವರೂ ಓಡಿ, ಗೋಣಿಚೀಲ, ಕಂಬಳಿ, ಕೈಗೆ ಸಿಕ್ಕದ್ದನ್ನೆಲ್ಲ ಮಗ್ಗದ ಮೇಲೆ ಹೊದಿಸಿದರು. ಗಾಳಿ ಕಂಬಳಿಯನ್ನು ಎತ್ತಿ ಒಗೆಯಿತು. ಕೆಂಪು ದಡಿಯ ಬಣ್ಣ ಕರಗಿ ಬಿಳಿ ಒಡಲಿಗೆ ಇಳಿಯಿತು. ಕುಣಿಯಲ್ಲಿ ರಾಡಿ ತುಂಬಿತು. ಮಳೆ ಬಂದಷ್ಟೇ ಬೇಗ ಹೋಯಿತು. ವೀರವ್ವ ಒದ್ದೆ ಸೀರೆಯನ್ನು ಮುಟ್ಟಿ ಮುಟ್ಟಿ ನೋಡಿ ಅತ್ತಳು. ಮುಂದಿನ ತಿಂಗಳ ಮದುವೆಗೆಂದು ಹುಬ್ಬಳ್ಳಿಯವರು ನೇಯಲು ಹೇಳಿದ್ದ ಸೀರೆ ಅದು.

ಅದೇ ಹೊತ್ತಿಗೆ ಅಂದಾನೆಪ್ಪ ಬಂದ. ಅಂಗಿ ಒದ್ದೆಯಾಗಿತ್ತು, ಮುಖ ಮಾತ್ರ ಅರಳಿತ್ತು. ಮಗ್ಗದ ಕಡೆ ಅವನ ಲಕ್ಷ್ಯ ಹೋಗಲಿಲ್ಲ.

"ಕೇಳ್ರಿ ಇಲ್ಲೆ ಎಲ್ಲಾರೂ. ಅವ್ವಾ, ನೀನೂ ಕೇಳು. ಕಮಿಟ್ಯಾಗ ಠರಾವು ಆತು. ಸೋಮವಾರ ಹಾದಿ ಉದ್ಘಾಟನಾ. ಪ್ಯಾಟಿಗೆ ಮೊದಲನೇ ಬಸ್ ಬರತೈತಿ. ಮತ್ತ ಈ ನಮ್ಮ ಜಾಗಾದಾಗ, ಇಲ್ಲೇ, ನನ್ನ ಹೆಸರಿನ ಕಲ್ಲು ನಿಲ್ಲಸ್ತಾರ! ಮೊದಲ ಮನಿ ಕೊಟ್ಟವ ಅಂತ ಅದರ ಮ್ಯಾಲ ಕೊರಸ್ತಾರ."

ವೀರವ್ವ ಅಳುವುದನ್ನು ನಿಲ್ಲಿಸಿ ಮಾವನನ್ನು ನೋಡಿದಳು. ಗೌರವ್ವನ ಕೈಯಲ್ಲಿ ಬಣ್ಣ ಇಳಿದ ಸೀರೆಯ ಸೆರಗಿತ್ತು.

"ಕಲ್ಲು ಎಲ್ಲಿ ನಿಲ್ಲಸ್ತಾರ?" ಎಂದು ಅವಳು ಮೆಲ್ಲಗೆ ಕೇಳಿದಳು.

"ಇಲ್ಲೆ. ಈ ಕುಣಿ ಮುಚ್ಚಿ."

"ಹೌದ್ರಿ? ಚಲೋ ಆತು," ಎಂದಳು.

ಅಂದಾನೆಪ್ಪನಿಗೆ ಜೀವ ಬಂದಂತಾಯಿತು. ಹೆಂಡತಿ ಕೊನೆಗೂ ತಿಳಿದುಕೊಂಡಳು ಎಂದು ಸಮಾಧಾನಪಟ್ಟ. ಆ ವಾರವೆಲ್ಲ ಮನೆಯಲ್ಲಿ ಜಗಳವಿರಲಿಲ್ಲ. ಹೆಸರುಕಾಳಿನ ಪಲ್ಯ, ಒಂದು ದಿನ ಬದನೆಕಾಯಿಯ ಎಣಗಾಯಿ. ಅವನು ಹೊಟ್ಟೆ ತುಂಬ ಉಂಡ. ಹೆಂಡತಿ ಮಗ ಕೂಡಿ ಮಧ್ಯಾಹ್ನ ಗುಡ್ಡದ ಕಡೆ ಹೋಗಿ ಬರುವುದನ್ನು ನೋಡಿದನಾದರೂ ಯಾಕೆಂದು ಕೇಳಲಿಲ್ಲ. ಅವನಿಗೆ ಭಾಷಣ ಬಾಯಿಪಾಠ ಮಾಡುವುದಿತ್ತು.

ಸೋಮವಾರ ಬೆಳಿಗ್ಗೆ ಪೇಟೆಯ ತುಂಬ ಮಾವಿನ ತೋರಣ. ಬಾಜಾದವರು ಬಂದರು. ಬಸ್ಸು ಹಾರ್ನ್ ಹೊಡೆಯುತ್ತ ಹೊಸ ಹಾದಿಯಲ್ಲಿ ಬಂತು. ಬಾವಿಯ ತಿರುವಿನಲ್ಲಿ ನಿಂತು, ಹಿಂದೆ ಸರಿದು, ಮತ್ತೆ ಮುಂದೆ ಹೋಗಿ ಹೇಗೋ ತಿರುಗಿತು. ಜನ ಚಪ್ಪಾಳೆ ಹೊಡೆದರು. ಅಂದಾನೆಪ್ಪ ಡ್ರೈವರನಿಗೆ ಮಾಲೆ ಹಾಕಿದ. ವೇದಿಕೆಯ ಮೇಲೆ ನಿಂತು ಊರಿನ ಗುಣಗಾನ ಮಾಡಿದ. ನಾಳೆ ಬರುವ ದೊಡ್ಡ ಸಾಲೆ, ದವಾಖಾನೆ, ಕರೆಂಟು, ಹುಬ್ಬಳ್ಳಿಯೇ ತಿರುಗಿ ನೋಡುವಂಥ ಸೀರೆ ಸಂತೆ. ಅವನು ಚೆನ್ನಾಗಿಯೇ ಮಾತನಾಡಿದ. ಒಂದು ಮಾತೂ ಸುಳ್ಳಿರಲಿಲ್ಲ. ಹೆಂಗಸರ ಸಾಲಿನಲ್ಲಿ ತನ್ನ ಮನೆಯವರನ್ನು ಹುಡುಕಿದ. ಯಾರೂ ಕಾಣಲಿಲ್ಲ.

ಆಮೇಲೆ ಎಲ್ಲರೂ ಕಲ್ಲು ನಿಲ್ಲಿಸಲು ಅವನ ಮನೆಯ ಮುಂದೆ ಬಂದರು. ಬಾಜಾ ಬಾರಿಸುತ್ತಲೇ ಇತ್ತು. ಕುಣಿಗಳ ಮೇಲೆ ಮಗ್ಗವಿರಲಿಲ್ಲ. ಮನೆಯ ಬಾಗಿಲು ತೆರೆದಿತ್ತು. ಅಂದಾನೆಪ್ಪ ಆರತಿ ತಟ್ಟೆ ತರಲು ಹೇಳಬೇಕೆಂದು ಒಳಗೆ ಹೋದ.

ಒಳಗೆ ಏನೂ ಇರಲಿಲ್ಲ. ಹಂಚು, ಪರಾತ, ನೂಲಿನ ಬುಟ್ಟಿ, ಒಳಗಿನ ಮಗ್ಗ, ಮುದುಕವ್ವನ ಹಾಸಿಗೆ, ದೇವರ ಜಗುಲಿಯ ಮೇಲಿನ ದೀಪ, ಎಲ್ಲ ಹೋಗಿದ್ದವು. ಗೂಟಕ್ಕೆ ಅವನ ಎರಡು ಅಂಗಿ, ಒಂದು ಧೋತರ ನೇತಾಡುತ್ತಿದ್ದವು. ಅವನು ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೋದ. ಹಿತ್ತಲಿಗೆ ಹೋದ. ತಣ್ಣಗಿನ ಒಲೆ ನೋಡಿದ. "ಏ..." ಎಂದು ಕರೆದ. ಯಾರನ್ನು ಕರೆಯಬೇಕೆಂದೇ ಅವನಿಗೆ ತಿಳಿಯಲಿಲ್ಲ. ಹಿತ್ತಲ ಹೊಸ್ತಿಲ ಮೇಲೆ ಕೂತ. ಹೊರಗಿನಿಂದ ಶಿವನಪ್ಪ, "ಅಂದಾನೆಪ್ಪನವರ, ಲಗೂ ಬರ್ರಿ, ಗಳಿಗಿ ಮೀರತೈತಿ," ಎಂದು ಕೂಗಿದ.

ಹೊರಗೆ ಬಂದ ಅಂದಾನೆಪ್ಪ ಕಲ್ಲಿನ ಕಡೆ ಹೋಗದೆ, ಬಾಜಾದವರನ್ನು ದಾಟಿ, ಪಕ್ಕದ ಮನೆಯ ಬಾಗಿಲಿಗೆ ಹೋದ. ಹಸನಬಿ ಬಾಗಿಲಲ್ಲೇ ಇದ್ದಳು.

"ನಮ್ಮವರು ಎಲ್ಲಿ ಹೋದ್ರು?"

ಅವಳು ತಲೆ ತಗ್ಗಿಸಿದಳು. "ಗುಡ್ಡದ ಬುಡಕ್ಕ, ಕಲ್ಲು ಒಡಿಯೂ ಹೊಳಿಯಪ್ಪನ ಮನಿಗೆ, ಅಣ್ಣಾರ. ಅದರ ಒಂದು ಭಾಗ ಬಾಡಿಗಿ ಹಿಡದಾರ. ನಮ್ಮನಿಯವರ ಟಾಂಗಾದಾಗ ಸಾಮಾನು ಒಯ್ದಾರ. ನಮ್ಮ ಮನಿ ಉಳಿದದ್ದಕ್ಕ ನಾವು ಅಷ್ಟರ ಮಾಡಬ್ಯಾಡೇನ್ರಿ?"

ಅಂದಾನೆಪ್ಪ ಮಾಲೆಯನ್ನು ಕೊರಳಲ್ಲೇ ಹಾಕಿಕೊಂಡು ಗುಡ್ಡದ ಕಡೆ ನಡೆದ. ಹಿಂದೆ ಯಾರೋ ಕರೆದರು. ಅವನು ತಿರುಗಲಿಲ್ಲ. ಹೊಸ ಮನೆಗಳ ನಡುವೆ, ಕಲ್ಲು ಒಡೆಯುವವರ ಛಪ್ಪರಗಳ ನಡುವೆ ದಾರಿ ಕೇಳುತ್ತ ಹೋದ. ಇಷ್ಟು ಜನ ಇಲ್ಲಿಗೆ ಬಂದು ನೆಲೆಸಿದ್ದಾರೆಂಬುದನ್ನು ದಿನವೂ ಬಾಯಲ್ಲಿ ಹೇಳುತ್ತಿದ್ದನೇ ಹೊರತು ಈ ಓಣಿಗಳಲ್ಲಿ ಒಮ್ಮೆಯೂ ಕಾಲಿಟ್ಟಿರಲಿಲ್ಲ.

ಹೊಳಿಯಪ್ಪನ ಮನೆ ಗುಡ್ಡಕ್ಕೆ ಬೆನ್ನು ಕೊಟ್ಟು ನಿಂತ ಮಣ್ಣಿನ ಮನೆ. ಬಾಗಿಲ ಮುಂದೆ ಮುದುಕವ್ವ ಬಿಸಿಲಿಗೆ ಕೂತಿದ್ದಳು. ಮಗನನ್ನು ನೋಡಿ ಒಳಗಿನ ಕಡೆ ತಿರುಗಿ, "ಬಂದಾನ ನೋಡ ಗೌರವ್ವಾ," ಎಂದಳು.

ಗೌರವ್ವ ಹೊರಗೆ ಬಂದಳು. ಕೈಗೆ ಹಿಟ್ಟು ಮೆತ್ತಿತ್ತು.

"ಏನಿದು?" ಎಂದ ಅಂದಾನೆಪ್ಪ. "ಊರೆಲ್ಲ ಅಲ್ಲಿ ನಿಂತೈತಿ. ಬಾಗಲಾ ತೆರದು ಬಿಟ್ಟು ಬಂದೀರಿ. ನನಗ ಒಂದು ಮಾತು ಹೇಳಬಾರದೇನು?"

"ನೀವು ನಮ್ಮನ್ನ ಕೇಳಲಿಲ್ಲ," ಎಂದಳು ಗೌರವ್ವ. "ನಾವೂ ನಿಮ್ಮನ್ನ ಕೇಳಲಿಲ್ಲ."

ಅವನು ತಾಯಿಯ ಕಡೆ ನೋಡಿದ. ಸೊಸೆಯ ಕಡೆ ನೋಡಿದ. ಒಳಗೆ ತೊಲೆಗೆ ಕಟ್ಟಿದ ತೊಟ್ಟಿಲಲ್ಲಿ ಕೂಸು ಮಲಗಿತ್ತು.

"ಆ ಮನಿ ಏನು ಮಾಡೂದು?"

"ನಿಮ್ಮ ಹೆಸರಿಲೆ ಐತಿ. ಅದನ್ನೂ ಊರಿಗೆ ಕೊಡತೀರೋ, ನೀವ ಇರತೀರೋ. ನನಗ ಗೊತ್ತಿಲ್ಲ. ನಾವು ಅಲ್ಲಿಗೆ ಬರೂದಿಲ್ಲ."

ಅಂದಾನೆಪ್ಪ ಬಾಗಿಲ ಪಕ್ಕದ ಕಲ್ಲಿನ ಮೇಲೆ ಕುಕ್ಕರಿಸಿದ. ಕೆಳಗೆ ಪೇಟೆಯಲ್ಲಿ ಬಾಜಾ ನಿಂತಿತು. ಬಸ್ಸು ಹಾರ್ನ್ ಹೊಡೆಯುತ್ತ ತಿರುಗಿ ಹೋಗುವುದು ಕೇಳಿಸಿತು. ಅವನು ಮಾಲೆ ತೆಗೆದು ಪಕ್ಕಕ್ಕಿಟ್ಟ. ವೀರವ್ವ ಯಾರ ಮುಖವನ್ನೂ ನೋಡದೆ ಒಂದು ತಾಟಿನಲ್ಲಿ ಎರಡು ರೊಟ್ಟಿ, ಪುಂಡಿ ಪಲ್ಯ ತಂದು ಅವನ ಮುಂದೆ ಇಟ್ಟಳು.

"ಅವ್ವಾ," ಎಂದು ಅವನು ತಾಯಿಯನ್ನು ಕರೆದ. "ಅವತ್ತು ಅಂಗಡ್ಯಾಗ..."

"ಉಣ್ಣು ಮೊದಲ," ಎಂದಳು ಮುದುಕವ್ವ. ಎಷ್ಟೋ ದಿನಗಳ ಮೇಲೆ ಅವನೊಂದಿಗೆ ಆಡಿದ ಮೊದಲ ಮಾತು ಅದು.

ಅವನು ಉಂಡ. ಉಂಡ ತಾಟನ್ನು ತಾನೇ ತೊಳೆದಿಟ್ಟ. ಮನೆಯ ಒಳಗಿನಿಂದ ಹಾರೆಯ ಸಪ್ಪಳ ಬರುತ್ತಿತ್ತು. ಬಗ್ಗಿ ಒಳಗೆ ನೋಡಿದ. ಪ್ರಭುಲಿಂಗಪ್ಪ ಮೊಣಕಾಲಿನವರೆಗೆ ಮಣ್ಣಾಗಿ ನೆಲ ಅಗೆಯುತ್ತಿದ್ದ. ಗುಡ್ಡದ ಬುಡದ ನೆಲ, ಗೇಣಿಗೊಂದು ಕಲ್ಲು. ವಾರವೆಲ್ಲ ಬಂದುಹೋಗಿ ತೋಡಿದ್ದ ಎರಡು ಕುಣಿಗಳ ಮೇಲೂ ಮಗ್ಗ ಹೂಡಿದ್ದರು. ಅವನು ಅಗೆಯುತ್ತಿದ್ದುದು ಮೂರನೆಯದು.

"ಅವೆರಡು ನಿಮ್ಮವು," ಎಂದ ಅಂದಾನೆಪ್ಪ. "ಇದು ಯಾರದು?"

ಮಗ ಅಗೆಯುವುದನ್ನು ನಿಲ್ಲಿಸಿ ತಾಯಿಯ ಕಡೆ ನೋಡಿದ. ಗೌರವ್ವ ಕೈಯ ಹಿಟ್ಟನ್ನು ತಿಕ್ಕಿ ಉದುರಿಸಿದಳು.

"ನಿಮ್ದು," ಎಂದಳು. "ಇರತೀನಿ ಅಂದ್ರ ಇಳೀರಿ. ಹುಡುಗ ಬಂದಾಗಿಂದ ಒಬ್ಬನ ಅಗಿಯಾಕತ್ತಾನ."

ಅಂದಾನೆಪ್ಪ ಟೋಪಿ ತೆಗೆದು ಜೇಬಿನಲ್ಲಿಟ್ಟುಕೊಂಡ. ಅಂಗಿಯ ತೋಳು ಮೇಲೇರಿಸಿದ. ಮಗ ಮೇಲೆ ಬಂದು ಹಾರೆಯನ್ನು ಅವನ ಕೈಗೆ ಕೊಟ್ಟ. ಮೊದಲ ಏಟಿಗೆ ಕಲ್ಲು ಸಿಕ್ಕಿ ಅಂಗೈ ಜುಮ್ಮೆಂದಿತು. ಅವನು ಮತ್ತೆ ಎತ್ತಿ ಹಾಕಿದ.